ಸಮಾಲೋಚನೆ: ನೀವಲ್ಲದಿದ್ದರೆ ಮತ್ಯಾರು?



ನಮ್ಮ ಮೊಹಲ್ಲಾಗಳಲ್ಲಿ ಸಭೆಗಳಿಗೇನೂ ಬರವಿಲ್ಲ. ಜುಮಾ ಮುಗಿದೊಡನೆ ಸಭೆ, ರಮಝಾನ್ ಹತ್ತಿರ ಬಂತೆಂದರೆ ಸಭೆ, ಉಸ್ತಾದರ ಸಂಬಳ ಹೆಚ್ಚಿಸಲು ಒಂದು ಸಭೆ, ಹೆಚ್ಚಿಸದಿರಲು ಇನ್ನೊಂದು. ಆದರೆ ಸಭೆ ಮುಗಿದು ಚಪ್ಪಲಿ ಮೆಟ್ಟುವಾಗ ಜನರ ಮುಖಗಳನ್ನು ಗಮನಿಸಿದ್ದೀರಾ? ಕೆಲವರು ಗೆದ್ದು ಹೊರಬರುತ್ತಾರೆ, ಕೆಲವರು ಸೋತು ಹೊರಬರುತ್ತಾರೆ. ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿದ್ದವರು ಒಂದು ಗಂಟೆಯಲ್ಲಿ ಎರಡು ಗುಂಪಾಗಿರುತ್ತಾರೆ. ಅಲ್ಲಾಹನ ಮನೆಯಲ್ಲಿ ಕುಳಿತು, ಅಲ್ಲಾಹನ ಹೆಸರಿನಲ್ಲಿ ಆರಂಭಿಸಿದ ಮಾತುಕತೆ ಹೀಗೇಕೆ ಮುಗಿಯಬೇಕು?

ಪವಿತ್ರ ಕುರ್‌ಆನ್‌ನಲ್ಲಿ 'ಅಶ್ಶೂರಾ' ಎಂಬ ಒಂದು ಅಧ್ಯಾಯವೇ ಇದೆ. ಅದರ 38ನೆಯ ಸೂಕ್ತವು ಸತ್ಯವಿಶ್ವಾಸಿಗಳ ಗುಣಗಳನ್ನು ಹೇಳುತ್ತಾ, ಅವರು ತಮ್ಮ ವ್ಯವಹಾರಗಳನ್ನು ಪರಸ್ಪರ ಸಮಾಲೋಚನೆಯಿಂದ ನಡೆಸುವವರೆಂದು ತಿಳಿಸುತ್ತದೆ. ಈ ಗುಣವನ್ನು ಎಲ್ಲಿ ಇರಿಸಲಾಗಿದೆ ಎಂಬುದನ್ನು ನೋಡಿರಿ. ಅದಕ್ಕೆ ಮೊದಲು ನಮಾಝ್ ಸಂಸ್ಥಾಪನೆಯ ಮಾತಿದೆ, ಅದರ ನಂತರ ಅಲ್ಲಾಹನು ನೀಡಿದ್ದರಿಂದ ಖರ್ಚು ಮಾಡುವ ಮಾತಿದೆ. ನಮಾಝ್ ಮತ್ತು ದಾನಗಳ ನಡುವೆ ಶೂರಾ! ಇದು ಮಕ್ಕಾದಲ್ಲಿ ಅವತೀರ್ಣವಾದ ಅಧ್ಯಾಯ. ಆಗ ಮುಸ್ಲಿಮರ ಕೈಯಲ್ಲಿ ರಾಜ್ಯವಿರಲಿಲ್ಲ, ಸೈನ್ಯವಿರಲಿಲ್ಲ, ಖಜಾನೆಯಿರಲಿಲ್ಲ. ಏಟು ತಿನ್ನುತ್ತಿದ್ದ ಒಂದು ಸಣ್ಣ ಸಮೂಹಕ್ಕೆ ಈ ಗುಣವನ್ನು ಕಲಿಸಲಾಯಿತು. ಆದ್ದರಿಂದ ಶೂರಾ ಎಂದರೆ ಅದು ಖಲೀಫರಿಗೆ ಸಂಬಂಧಿಸಿದ ವಿಷಯ, ನಮಗೇನು ಎಂದು ಯಾರೂ ಕೈತೊಳೆದುಕೊಳ್ಳುವಂತಿಲ್ಲ.

ಇನ್ನೊಂದು ಸೂಕ್ತ ಆಲಿ ಇಮ್ರಾನ್ ಅಧ್ಯಾಯದ 159ನೆಯದು. ಅದು ಅವತೀರ್ಣವಾದ ಸಂದರ್ಭವನ್ನು ಅರಿಯದಿದ್ದರೆ ಅದರ ಭಾರ ನಮಗೆ ತಿಳಿಯದು.

ಹಿಜರಿ 3ನೆಯ ವರ್ಷ. ಕುರೈಶರ ಮೂರು ಸಾವಿರದ ಸೈನ್ಯ ಮದೀನಾದ ಹೊರವಲಯಕ್ಕೆ ಬಂದಿತ್ತು. ಪ್ರವಾದಿವರ್ಯರು(ಸ) ಅನುಚರರನ್ನು ಸೇರಿಸಿ ಅಭಿಪ್ರಾಯ ಕೇಳಿದರು. ನಗರದೊಳಗೇ ಇದ್ದು ಎದುರಿಸುವುದು ಸ್ವತಃ ಪ್ರವಾದಿವರ್ಯರ(ಸ) ಒಲವಾಗಿತ್ತು. ಆದರೆ ಬದ್ರ್‌ನಲ್ಲಿ ಪಾಲ್ಗೊಳ್ಳುವ ಅವಕಾಶ ತಪ್ಪಿಹೋಗಿದ್ದ ಯುವಕರು, ಹೊರಗೆ ಹೋಗಿಯೇ ಹೋರಾಡೋಣವೆಂದು ಒತ್ತಾಯಿಸಿದರು. ಪ್ರವಾದಿವರ್ಯರು(ಸ) ಅವರ ಮಾತಿಗೆ ಒಪ್ಪಿ ಮನೆಯೊಳಗೆ ಹೋಗಿ ಕವಚ ಧರಿಸಿ ಬಂದರು. ಅಷ್ಟರಲ್ಲಿ ಯುವಕರಿಗೆ ಪಶ್ಚಾತ್ತಾಪವಾಗಿತ್ತು. ತಾವು ಬಲವಂತ ಮಾಡಿದೆವೆಂದು ಅವರು ಹಿಂದೆ ಸರಿಯಲು ಸಿದ್ಧರಾದರು. ಕವಚ ಧರಿಸಿದ ಪ್ರವಾದಿಯು ಹೋರಾಡದೆ ಅದನ್ನು ಕಳಚುವುದು ಸಲ್ಲದೆಂದು ಅವರು(ಸ) ಉತ್ತರಿಸಿದರು. ದಾರಿಯಲ್ಲಿ ಅಬ್ದುಲ್ಲಾ ಬಿನ್ ಉಬಯ್ ಸುಮಾರು ಮುನ್ನೂರು ಮಂದಿಯೊಂದಿಗೆ ಹಿಂದಿರುಗಿದ. ಉಹುದ್‌ನಲ್ಲಿ ಎಪ್ಪತ್ತು ಮಂದಿ ಸಹಾಬಿಗಳು ಹುತಾತ್ಮರಾದರು. ಹ. ಹಮ್ಝಾ(ರ) ಅವರಲ್ಲೊಬ್ಬರು. ಪ್ರವಾದಿವರ್ಯರ(ಸ) ಮುಖಕ್ಕೂ ಗಾಯವಾಯಿತು.

ನಮ್ಮಲ್ಲಿ ಹೀಗಾಗಿದ್ದರೆ ಏನಾಗುತ್ತಿತ್ತು? "ಇನ್ನು ಮುಂದೆ ಈ ಹುಡುಗರನ್ನು ಕೇಳುವುದೇ ಬೇಡ" ಎನ್ನುತ್ತಿದ್ದೆವು. ಆದರೆ ಅಲ್ಲಾಹನು ಉಹುದ್‌ನ ಆ ನೋವಿನ ಬಳಿಕ ತನ್ನ ಪ್ರವಾದಿಗೆ(ಸ) ಕೊಟ್ಟ ಆದೇಶವೇನು? ಅವರನ್ನು ಕ್ಷಮಿಸಿರಿ, ಅವರಿಗಾಗಿ ಪಾಪವಿಮೋಚನೆಯನ್ನು ಪ್ರಾರ್ಥಿಸಿರಿ ಮತ್ತು ವ್ಯವಹಾರಗಳಲ್ಲಿ ಅವರೊಂದಿಗೆ ಸಮಾಲೋಚಿಸುತ್ತಿರಿ, ದೃಢ ನಿರ್ಧಾರ ಕೈಗೊಂಡ ಮೇಲೆ ಅಲ್ಲಾಹನ ಮೇಲೆ ಭರವಸೆಯಿಡಿರಿ ಎಂಬುದು ಅದರ ಆಶಯ. ವಹ್ಯ್ ಪಡೆಯುತ್ತಿದ್ದವರಿಗೆ, ಅದೂ ಸಮಾಲೋಚನೆಯ ಫಲ ಕಹಿಯಾದ ಬಳಿಕ ಈ ಆದೇಶ! ಹಾಗಿರುವಾಗ ಕಮಿಟಿಯ ಅಧ್ಯಕ್ಷರಿಗಾಗಲಿ ಮನೆಯ ಯಜಮಾನರಿಗಾಗಲಿ ಇದರಿಂದ ವಿನಾಯಿತಿ ಎಲ್ಲಿದೆ?

ಆದರೆ ಸಮಾಲೋಚನೆ ನಡೆಸುವುದು ಹೇಗೆ? ಹತ್ತು ಮಂದಿಗೆ ಹತ್ತು ಅಭಿಪ್ರಾಯಗಳಿದ್ದರೆ ಒಂದು ನಿರ್ಧಾರಕ್ಕೆ ಬರುವುದು ಹೇಗೆ? ಇದಕ್ಕೆ ನಮ್ಮ ಇತಿಹಾಸದಲ್ಲಿ ಒಂದು ಉಜ್ವಲ ಮಾದರಿಯಿದೆ. ನಾವು ಅದನ್ನು ಖಲೀಫರ ಚರಿತ್ರೆಯೆಂದು ಓದಿ ಮುಗಿಸುತ್ತೇವೆಯೇ ಹೊರತು ಅದರಲ್ಲಿರುವ ಕ್ರಮವನ್ನು ಗಮನಿಸುವುದಿಲ್ಲ.

ಹಿಜರಿ 23ರಲ್ಲಿ (ಕ್ರಿ.ಶ. 644) ಹ. ಉಮರ್(ರ) ಫಜ್ರ್ ನಮಾಝ್‌ನಲ್ಲಿ ಇರಿತಕ್ಕೊಳಗಾದರು. ಮರಣಶಯ್ಯೆಯಲ್ಲಿದ್ದ ಅವರು ಮುಂದಿನ ಖಲೀಫರ ಆಯ್ಕೆಯನ್ನು ಆರು ಮಂದಿಗೆ ವಹಿಸಿದರು. ಹ. ಅಲೀ, ಹ. ಉಸ್ಮಾನ್, ಹ. ಝುಬೈರ್, ಹ. ತಲ್ಹಾ, ಹ. ಸಅದ್ ಬಿನ್ ಅಬೀ ವಕ್ಕಾಸ್ ಮತ್ತು ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ). ಸ್ವಂತ ಮಗ ಅಬ್ದುಲ್ಲಾ ಬಿನ್ ಉಮರ್(ರ) ಸಾಕ್ಷಿಯಾಗಿ ಕುಳಿತುಕೊಳ್ಳಬಹುದು, ಆದರೆ ಅಧಿಕಾರದಲ್ಲಿ ಅವರಿಗೆ ಪಾಲಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. (ನಮ್ಮ ಎಷ್ಟು ಸಮಿತಿಗಳಲ್ಲಿ ಅಪ್ಪನ ಬಳಿಕ ಮಗ ಬಂದು ಕುಳಿತಿಲ್ಲ, ಹೇಳಿರಿ!)

ದಫನ ಕಾರ್ಯದ ಬಳಿಕ ಆರು ಮಂದಿಯೂ ಒಟ್ಟುಗೂಡಿದರು. ಹ. ಅಬ್ದುರ್ರಹ್ಮಾನ್(ರ) ಮೊದಲು ಮಾಡಿದ ಕೆಲಸ, ಆರನ್ನು ಮೂರಕ್ಕೆ ಇಳಿಸಿದ್ದು. ಹ. ಝುಬೈರ್(ರ) ತಮ್ಮ ಹಕ್ಕನ್ನು ಹ. ಅಲೀಯವರಿಗೆ(ರ), ಹ. ತಲ್ಹಾ(ರ) ಹ. ಉಸ್ಮಾನರಿಗೆ(ರ), ಹ. ಸಅದ್(ರ) ಹ. ಅಬ್ದುರ್ರಹ್ಮಾನರಿಗೆ(ರ) ಬಿಟ್ಟುಕೊಟ್ಟರು. ಆ ಬಳಿಕ ಅವರು, ಉಳಿದ ಮೂವರಲ್ಲಿ ಯಾರು ಹಿಂದೆ ಸರಿಯುತ್ತಾರೋ ಅವರಿಗೆ ಆಯ್ಕೆಯ ಹೊಣೆಯನ್ನು ವಹಿಸೋಣವೆಂದರು. ಇಬ್ಬರೂ ಮೌನವಾಗಿದ್ದಾಗ ತಾವೇ ಹಿಂದೆ ಸರಿದರು. ತೀರ್ಪು ಹೇಳುವವನಿಗೆ ಅದರಲ್ಲಿ ಸ್ವಂತ ಲಾಭವಿರಬಾರದೆಂಬುದು ಇದರಿಂದ ತಿಳಿಯುತ್ತದೆ. ಬುಖಾರಿಯಲ್ಲಿ ಈ ವಿವರಗಳಿವೆ.

ಮುಂದಿನದ್ದು ಇನ್ನೂ ಸೂಕ್ಷ್ಮ. ಚರಿತ್ರೆಕಾರರು ವರದಿ ಮಾಡಿರುವಂತೆ ಅವರು ಹ. ಅಲೀಯವರನ್ನು(ರ) ಪ್ರತ್ಯೇಕವಾಗಿ ಕರೆದು, ಈ ಹೊಣೆ ನಿಮಗೆ ಬರದಿದ್ದರೆ ಯಾರು ಅರ್ಹರೆಂದು ಕೇಳಿದರು. ಅವರು ಹ. ಉಸ್ಮಾನರ(ರ) ಹೆಸರು ಹೇಳಿದರು. ಹ. ಉಸ್ಮಾನರಲ್ಲಿ(ರ) ಅದೇ ಪ್ರಶ್ನೆ ಕೇಳಿದಾಗ ಅವರು ಹ. ಅಲೀಯವರ(ರ) ಹೆಸರು ಹೇಳಿದರು. ಸುಬ್‌ಹಾನಲ್ಲಾಹ್! "ನಿಮಗೆ ಯಾರು ಬೇಕು?" ಎಂಬುದು ಒಂದು ಪ್ರಶ್ನೆ. "ಅವರಲ್ಲದಿದ್ದರೆ ಮತ್ಯಾರು?" ಎಂಬುದು ಮತ್ತೊಂದು. ಮೊದಲನೆಯ ಪ್ರಶ್ನೆಯಿಂದ ಜನರು ಎಲ್ಲಿ ಬೇರೆಯಾಗಿದ್ದಾರೆಂದು ತಿಳಿಯುತ್ತದೆ. ಎರಡನೆಯದರಿಂದ ಅವರು ಎಲ್ಲಿ ಕೂಡಬಲ್ಲರೆಂದು ತಿಳಿಯುತ್ತದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಮೂರು ರಾತ್ರಿಗಳ ಕಾಲ ಅವರು ಸರಿಯಾಗಿ ಕಣ್ಣು ಮುಚ್ಚದೆ ಮದೀನಾದಲ್ಲಿ ಓಡಾಡಿ ಜನರ ಅಭಿಪ್ರಾಯ ಸಂಗ್ರಹಿಸಿದರು. ಪರದೆಯ ಹಿಂದಿನ ಮಹಿಳೆಯರನ್ನೂ ಮದ್ರಸದ ಹುಡುಗರನ್ನೂ ಹೊರಗಿನಿಂದ ಬಂದ ಪ್ರಯಾಣಿಕರನ್ನೂ ಅವರು ಕೇಳಿದರೆಂದು ಇಬ್ನು ಕಸೀರ್ ಬರೆದಿದ್ದಾರೆ. ಕೊನೆಯ ರಾತ್ರಿ ಹ. ಮಿಸ್ವರ್(ರ) ಅವರ ಬಾಗಿಲು ತಟ್ಟಿ ಎಬ್ಬಿಸಿ, ಹ. ಝುಬೈರ್ ಮತ್ತು ಹ. ಸಅದ್‌ರನ್ನು(ರ) ಕರೆಸಿದರು. ಬಳಿಕ ಹ. ಅಲೀಯವರೊಂದಿಗೆ(ರ) ನಡುರಾತ್ರಿಯವರೆಗೆ, ಹ. ಉಸ್ಮಾನರೊಂದಿಗೆ(ರ) ಫಜ್ರ್‌ನ ಅದಾನ್‌ವರೆಗೆ ಮಾತನಾಡಿದರು. ನಮಾಝ್‌ನ ಬಳಿಕ, ಜನರು ಹ. ಉಸ್ಮಾನರಿಗೆ(ರ) ಸಮಾನರಾಗಿ ಬೇರೊಬ್ಬರನ್ನು ಕಾಣುತ್ತಿಲ್ಲವೆಂದು ಎಲ್ಲರ ಮುಂದೆ ತಿಳಿಸಿ ಬೈಅತ್ ಮಾಡಿದರು. ಹ. ಅಲೀಯವರೂ(ರ) ಬೈಅತ್ ಮಾಡಿದರು.

ಈಗ ಇದನ್ನು ನಮ್ಮ ಮಸೀದಿಯ ವರಾಂಡಕ್ಕೆ ತರೋಣ. ಒಂದು ಜಮಾಅತ್‌ನ ಕಮಿಟಿಯಲ್ಲಿ ಹನ್ನೊಂದು ಮಂದಿ ಇದ್ದಾರೆಂದು ಭಾವಿಸಿರಿ. ಕೈಯಲ್ಲಿ ಸ್ವಲ್ಪ ಹಣವಿದೆ, ಒಂದು ಕೆಲಸಕ್ಕೆ ಮಾತ್ರ ಸಾಕು. ಖಬರಸ್ತಾನದ ಗೋಡೆ ಕಟ್ಟಬೇಕೇ, ಮದ್ರಸಕ್ಕೆ ಒಂದು ಕೋಣೆ ಸೇರಿಸಬೇಕೇ, ಕೊಳವೆಬಾವಿ ತೋಡಿಸಬೇಕೇ? ಸಾಮಾನ್ಯವಾಗಿ ನಾವೇನು ಮಾಡುತ್ತೇವೆ? ಕೈ ಎತ್ತಿರಿ ಎನ್ನುತ್ತೇವೆ. ಗೋಡೆಗೆ ಐದು ಕೈ, ಮದ್ರಸಕ್ಕೆ ನಾಲ್ಕು, ಬಾವಿಗೆ ಎರಡು. ಗೋಡೆ ಗೆದ್ದಿತು, ಫಾತಿಹಾ ಓದಿ ಏಳಿರಿ!

ಸ್ವಲ್ಪ ತಾಳಿರಿ. ಒಬ್ಬೊಬ್ಬರ ಕೈಗೂ ಒಂದು ಚೀಟಿ ಕೊಟ್ಟು, ಮೂರನ್ನೂ ನಿಮ್ಮ ದೃಷ್ಟಿಯಲ್ಲಿ ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಕ್ರಮವಾಗಿ ಬರೆಯಿರಿ ಎಂದು ಹೇಳಿದರೆ? ಗೋಡೆ ಬೇಕೆಂದ ಐವರು ಎರಡನೆಯದಾಗಿ ಬಾವಿಯನ್ನೂ ಕೊನೆಗೆ ಮದ್ರಸವನ್ನೂ ಬರೆದರೆನ್ನಿ. ಮದ್ರಸ ಬೇಕೆಂದ ನಾಲ್ವರು ಎರಡನೆಯದಾಗಿ ಬಾವಿಯನ್ನೇ ಬರೆದು ಗೋಡೆಯನ್ನು ಕೊನೆಗಿಟ್ಟರು. ಬಾವಿ ಬೇಕೆಂದ ಇಬ್ಬರೂ ಗೋಡೆಯನ್ನು ಕೊನೆಗಿಟ್ಟರು. ಈಗ ನೋಡಿರಿ. ಕೈ ಎತ್ತಿದಾಗ ಗೆದ್ದ ಗೋಡೆಯು ಹನ್ನೊಂದರಲ್ಲಿ ಆರು ಮಂದಿಗೆ ಕಟ್ಟಕಡೆಯ ಆಯ್ಕೆ! ಬಾವಿಯನ್ನು ಕೊನೆಗಿಟ್ಟವರು ಒಬ್ಬರೂ ಇಲ್ಲ. ಗೋಡೆಯೋ ಬಾವಿಯೋ ಎಂದರೆ ಆರು ಮಂದಿ ಬಾವಿಯ ಕಡೆ, ಮದ್ರಸವೋ ಬಾವಿಯೋ ಎಂದರೆ ಏಳು ಮಂದಿ ಬಾವಿಯ ಕಡೆ. ಎರಡೇ ಕೈ ಪಡೆದು ಮೂಲೆಗೆ ಬಿದ್ದಿದ್ದ ಬಾವಿಯಲ್ಲಿ ಎಲ್ಲರೂ ಒಂದಾಗಬಹುದಿತ್ತು. ನಾವು ಕೇಳಲಿಲ್ಲ, ಆದ್ದರಿಂದ ಅವರು ಹೇಳಲಿಲ್ಲ.

ಚೀಟಿ ಎಣಿಸಿದೊಡನೆ ಕೆಲಸ ಮುಗಿಯಿತೆಂದು ನಾನು ಹೇಳುತ್ತಿಲ್ಲ. ಎಣಿಕೆಯ ಬಳಿಕವೇ ನಿಜವಾದ ಮಾತು ಆರಂಭವಾಗಬೇಕು. ಮದ್ರಸವನ್ನು ಕೊನೆಗೇಕೆ ಇಟ್ಟಿರಿ? ಗೋಡೆಯೇ ಮೊದಲಾಗಬೇಕೆಂದು ಏಕೆ ಅನ್ನಿಸಿತು? ಬಹುಶಃ ಒಬ್ಬರಿಗೆ ಮಳೆಗಾಲದಲ್ಲಿ ಖಬರಸ್ತಾನಕ್ಕೆ ದನಕರುಗಳು ನುಗ್ಗುವುದನ್ನು ನೋಡಿ ಸಂಕಟವಾಗಿರಬಹುದು. ಅವರ ತಾಯಿ ಅಲ್ಲಿ ಮಲಗಿರಬಹುದು. ಆ ಮಾತನ್ನು ಕೇಳಿದ ಮೇಲೆ ಎರಡು ಚೀಟಿಗಳು ಬದಲಾಗಲೂಬಹುದು. ಬದಲಾಗಲಿ, ಅದಕ್ಕಾಗಿಯೇ ಅಲ್ಲವೇ ಕೂತದ್ದು? ಬರೆಯಲು ಬಾರದ ಹಿರಿಯರಿದ್ದರೆ ನಂಬಿಕಸ್ಥರೊಬ್ಬರ ಕಿವಿಯಲ್ಲಿ ಹೇಳಲಿ.

ಮತ್ತೊಂದು ಮಾತು. ಅಧ್ಯಕ್ಷರು ಮೊದಲು ಬಾಯಿ ತೆರೆದರೆ ಸಮಾಲೋಚನೆ ಅಲ್ಲಿಗೇ ಮುಗಿಯುತ್ತದೆ. "ನನಗೆ ಇದು ಸರಿಯೆನಿಸುತ್ತದೆ, ನೀವೇನನ್ನುತ್ತೀರಿ?" ಎಂದು ಕೇಳಿದರೆ ತಲೆಯಾಡಿಸದೆ ಇನ್ನೇನು ಮಾಡಬೇಕು? ಹ. ಉಮರ್(ರ) ತಮ್ಮ ಸಭೆಯಲ್ಲಿ ಬದ್ರ್‌ನ ಹಿರಿಯರ ಜೊತೆಗೆ ಯುವಕರಾದ ಇಬ್ನು ಅಬ್ಬಾಸ್‌ರನ್ನು(ರ) ಕೂರಿಸುತ್ತಿದ್ದರು. ಕೆಲವರಿಗೆ ಅದು ಸರಿಬರಲಿಲ್ಲ, ತಮಗೂ ಅಂಥ ಮಕ್ಕಳಿದ್ದಾರೆಂದು ಆಕ್ಷೇಪಿಸಿದರು. ಒಮ್ಮೆ ಆ ಯುವಕ ಹಿಂಜರಿದಾಗ, ನಿನ್ನನ್ನು ನೀನು ಕೀಳಾಗಿ ಕಾಣಬೇಡ, ಹೇಳು ಎಂಬರ್ಥದಲ್ಲಿ ಹ. ಉಮರ್(ರ) ಹುರಿದುಂಬಿಸಿದ್ದರು. ಕಿರಿಯರು ಮೊದಲು ಮಾತನಾಡಲಿ, ಹಿರಿಯರು ಕೊನೆಗೆ. ಹಾಗೆ ಮಾಡಿ ನೋಡಿರಿ, ನಮ್ಮ ಹುಡುಗರ ತಲೆಯಲ್ಲಿ ಏನೇನಿದೆಯೆಂದು ನಿಮಗೇ ಆಶ್ಚರ್ಯವಾದೀತು.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಬದ್ರ್‌ನಲ್ಲಿ ಬೀಡುಬಿಡುವ ಸ್ಥಳದ ಬಗ್ಗೆ ಹ. ಹುಬಾಬ್ ಬಿನ್ ಮುಂದಿರ್(ರ) ಸಲಹೆ ಕೊಡುವ ಮೊದಲು, ಇದು ಅಲ್ಲಾಹನ ಆದೇಶವೋ ಅಥವಾ ಯುದ್ಧತಂತ್ರದ ಅಭಿಪ್ರಾಯವೋ ಎಂದು ಪ್ರವಾದಿವರ್ಯರಲ್ಲಿ(ಸ) ಕೇಳಿದ್ದರು. ಅಭಿಪ್ರಾಯವೆಂದು ತಿಳಿದ ಮೇಲೆಯೇ ತಮ್ಮ ಮಾತು ಹೇಳಿದರು. ಅಲ್ಲಾಹನು ತೀರ್ಮಾನಿಸಿಬಿಟ್ಟ ವಿಷಯವನ್ನು ಚೀಟಿಗೆ ಹಾಕುವ ಹಕ್ಕು ಯಾರಿಗೂ ಇಲ್ಲ.

ಆದರೆ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು? ತಂದೆ ತೀರಿಕೊಂಡು ನಲವತ್ತು ದಿನ ಕಳೆದಿರುವುದಿಲ್ಲ, ಅಣ್ಣತಮ್ಮಂದಿರು ಕೂತು 'ಸಮಾಲೋಚನೆ' ಮಾಡುತ್ತಾರೆ. ಮನೆ ದೊಡ್ಡವನಿಗೆ, ಅಂಗಡಿ ನಡುವಿನವನಿಗೆ, ತೋಟ ಚಿಕ್ಕವನಿಗೆ. ತಂಗಿಗೆ? ಅವಳ ಮದುವೆಗೆ ಖರ್ಚು ಮಾಡಿದ್ದೇವಲ್ಲ! ಬಳಿಕ ಅವಳನ್ನು ಕರೆಸಿ, ಚಹಾ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. "ಎಲ್ಲರೂ ಸೇರಿ ಒಮ್ಮತದಿಂದ ಮಾಡಿದ್ದು" ಎನ್ನುತ್ತಾರೆ. ಯಾವ ಒಮ್ಮತ? ನಾಳೆ ತವರಿನ ಬಾಗಿಲು ಮುಚ್ಚೀತೆಂಬ ಭಯದಲ್ಲಿ ತಲೆ ತಗ್ಗಿಸಿದವಳ ಮೌನ ಒಪ್ಪಿಗೆಯೇ? ಅನ್ನಿಸಾ ಅಧ್ಯಾಯದ 7ನೆಯ ಸೂಕ್ತವು ತಂದೆತಾಯಿ ಬಿಟ್ಟುಹೋದುದರಲ್ಲಿ, ಅದು ಸ್ವಲ್ಪವಿರಲಿ ಹೆಚ್ಚಿರಲಿ, ಹೆಣ್ಣಿಗೂ ನಿಶ್ಚಿತ ಪಾಲಿದೆಯೆಂದು ಸಾರುತ್ತದೆ. 11ನೆಯ ಸೂಕ್ತವು ಅದರ ಪ್ರಮಾಣವನ್ನೂ ಹೇಳಿಬಿಟ್ಟಿದೆ. ಯಾವ ಪಾಲಿಗೆ ಮನೆ ಬರಬೇಕು, ಯಾವ ಪಾಲಿಗೆ ತೋಟ ಬರಬೇಕೆಂದು ಕೂತು ಮಾತನಾಡಿರಿ. ಅಲ್ಲಿ ತಂಗಿಯ ಚೀಟಿಯೂ ಇರಲಿ. ಆದರೆ ಅವಳಿಗೆ ಪಾಲಿದೆಯೇ ಇಲ್ಲವೇ ಎಂಬುದು ನಿಮ್ಮ ಮುಂದಿರುವ ವಿಷಯವೇ ಅಲ್ಲ. ನೂರು ಮಂದಿ ಒಮ್ಮತದಿಂದ ಕಿತ್ತುಕೊಂಡರೂ ಕಿತ್ತುಕೊಂಡದ್ದು ಕಿತ್ತುಕೊಂಡದ್ದೇ.

ಮನೆಯೊಳಗಿನ ಶೂರಾದ ಬಗ್ಗೆ ಇನ್ನಷ್ಟು ಹೇಳಬೇಕಾಗಿದೆ. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ಮೊಲೆಹಾಲು ಬಿಡಿಸುವುದಿದ್ದರೂ ತಂದೆತಾಯಿ ಪರಸ್ಪರ ಒಪ್ಪಿ, ಸಮಾಲೋಚಿಸಿ ಮಾಡಬೇಕೆಂದು ಅಲ್‌ಬಕರ ಅಧ್ಯಾಯದ 233ನೆಯ ಸೂಕ್ತವು ಕಲಿಸುತ್ತದೆ. ಒಂದು ಮಗುವಿನ ಹಾಲಿನ ವಿಷಯದಲ್ಲಿ ಕುರ್‌ಆನ್ ಗಂಡಹೆಂಡಿರನ್ನು ಮಾತಿಗೆ ಕೂರಿಸುತ್ತದೆ. ನಾವಾದರೋ ಆ ಮಗು ದೊಡ್ಡದಾಗಿ ಮದುವೆಯ ವಯಸ್ಸಿಗೆ ಬಂದಾಗಲೂ ತಾಯಿಯನ್ನು ಕೇಳುವುದಿಲ್ಲ, ಮಗಳನ್ನಂತೂ ಮಾತು ಕೊಟ್ಟ ಮೇಲೆಯೇ ಕೇಳುವುದು. ಹುದೈಬಿಯದಲ್ಲಿ ಅನುಚರರು ದುಃಖದಿಂದ ಕದಲದೆ ಕುಳಿತಿದ್ದಾಗ ಪ್ರವಾದಿವರ್ಯರು(ಸ) ತಮ್ಮ ಪತ್ನಿ ಹ. ಉಮ್ಮು ಸಲಮಾರ(ರ) ಸಲಹೆಯಂತೆ ನಡೆದುದನ್ನು ನೀವು ಓದಿರಬಹುದು.

ಫಾತಿಮಾ ಬಿನ್ತ್ ಕೈಸ್(ರ) ಎಂಬ ಸಹಾಬಿ ಮಹಿಳೆಗೆ ತಲಾಕ್‌ನ ಬಳಿಕ ಎರಡು ಕಡೆಯಿಂದ ಸಂಬಂಧ ಬಂತು. ಒಂದು ಮುಆವಿಯಾ, ಇನ್ನೊಂದು ಅಬೂ ಜಹ್ಮ್. ಅವರು ಬಂದು ಪ್ರವಾದಿವರ್ಯರನ್ನು(ಸ) ಕೇಳಿದರು. ಅಬೂ ಜಹ್ಮ್ ಹೆಗಲಿನಿಂದ ಕೋಲು ಇಳಿಸದ ವ್ಯಕ್ತಿಯೆಂದೂ ಮುಆವಿಯಾರ ಬಳಿ ಹಣವಿಲ್ಲವೆಂದೂ ಪ್ರವಾದಿವರ್ಯರು(ಸ) ನೇರವಾಗಿ ತಿಳಿಸಿ, ಉಸಾಮಾ ಬಿನ್ ಝೈದ್‌ರನ್ನು ಮದುವೆಯಾಗುವಂತೆ ಸಲಹೆಯಿತ್ತರು. ಆಕೆಗೆ ಮೊದಲು ಅದು ಹಿಡಿಸಲಿಲ್ಲ. ಮತ್ತೊಮ್ಮೆ ಹೇಳಿದಾಗ ಒಪ್ಪಿದರು. ಅಲ್ಲಾಹನು ಆ ದಾಂಪತ್ಯದಲ್ಲಿ ಒಳಿತನ್ನಿರಿಸಿದನೆಂದು ಸ್ವತಃ ಆಕೆಯೇ ಹೇಳಿದ್ದಾರೆ. (ಮುಸ್ಲಿಮ್) ಸಲಹೆ ಕೇಳಲ್ಪಟ್ಟವನು ಅಮಾನತ್ ಹೊತ್ತವನೆಂದು ಹದೀಸ್‌ನಲ್ಲಿದೆ. ವರನ ಕೋಪವನ್ನು ಬಲ್ಲವರು "ಒಳ್ಳೆಯ ಹುಡುಗ" ಎಂದು ಸುಮ್ಮನಾಗುವುದು, ಸಾಲವನ್ನು ಬಲ್ಲವರು "ವ್ಯಾಪಾರ ಚೆನ್ನಾಗಿದೆ" ಎನ್ನುವುದು ಆ ಅಮಾನತ್‌ಗೆ ಬಗೆಯುವ ವಂಚನೆ. ಪ್ರತಿಯೊಂದು ಸಂಬಂಧದ ಗುಣದೋಷಗಳು ತಿಳಿದರಷ್ಟೇ ಆ ಹುಡುಗಿ ಒಂದು, ಎರಡು, ಮೂರು ಎಂದು ಕ್ರಮವಿಡಬಲ್ಲಳು. ಇಸ್ತಿಖಾರಾ ನಮಾಝ್‌ಗೂ ಆಗಲೇ ಅರ್ಥ ಬರುತ್ತದೆ. ಕೇಳಿ ತಿಳಿಯುವ ಶ್ರಮವನ್ನು ತಪ್ಪಿಸಿಕೊಳ್ಳಲು ಇಸ್ತಿಖಾರಾ ಮಾಡಿ ಕನಸಿಗಾಗಿ ಕಾಯುವವರನ್ನು ಕಂಡಾಗ ಬೇಸರವಾಗುತ್ತದೆ.

ನಿರ್ಧಾರವಾದ ಬಳಿಕ ನಮ್ಮ ವರ್ತನೆ ಹೇಗಿರಬೇಕು? ಉಹುದ್‌ಗೆ ಮತ್ತೊಮ್ಮೆ ಹೋಗೋಣ. ನಗರದೊಳಗೇ ಉಳಿಯುವುದು ಪ್ರವಾದಿವರ್ಯರ(ಸ) ಒಲವಾಗಿತ್ತು, ಅಬ್ದುಲ್ಲಾ ಬಿನ್ ಉಬಯ್‌ನ ಅಭಿಪ್ರಾಯವೂ ಅದೇ ಆಗಿತ್ತು. ಇಬ್ಬರ ಮಾತೂ ನಡೆಯಲಿಲ್ಲ. ಒಬ್ಬರು(ಸ) ಕವಚ ಧರಿಸಿ ಎಲ್ಲರಿಗಿಂತ ಮುಂದೆ ನಡೆದರು. ಇನ್ನೊಬ್ಬ ತನ್ನ ಮಾತು ಕೇಳದೆ ಹುಡುಗರ ಮಾತು ಕೇಳಿದರೆಂದು ಮುನ್ನೂರು ಮಂದಿಯನ್ನು ಕಟ್ಟಿಕೊಂಡು ಮನೆಗೆ ಹೋದ. ಯುದ್ಧದ ಬಳಿಕ, ನಮ್ಮ ಮಾತು ಕೇಳಿದ್ದರೆ ಅವರು ಸಾಯುತ್ತಿರಲಿಲ್ಲ ಎಂದು ಹೇಳಿಕೊಂಡು ತಿರುಗಿದವರನ್ನು ಆಲಿ ಇಮ್ರಾನ್ ಅಧ್ಯಾಯದ 168ನೆಯ ಸೂಕ್ತವು ಖಂಡಿಸುತ್ತದೆ. ಮಸೀದಿಯ ಮೆಟ್ಟಿಲಿಳಿಯುತ್ತಲೇ "ನಾನು ಅಲ್ಲೇ ಹೇಳಿದ್ದೆ" ಎಂದು ಆರಂಭಿಸುವವರು ಆ ಸೂಕ್ತವನ್ನೊಮ್ಮೆ ಓದಿಕೊಳ್ಳಲಿ. ಬಾವಿಗೆ ನಿರ್ಧಾರವಾದರೆ, ಗೋಡೆ ಬೇಕೆಂದವರೇ ಮೊದಲ ಚಂದಾ ಬರೆಯಲಿ.

ಎಲ್ಲ ಮಾತುಕತೆಯ ಬಳಿಕವೂ ಎರಡು ಆಯ್ಕೆಗಳು ಸಮಸಮವಾಗಿಯೇ ಉಳಿದರೆ? ಎರಡೂ ಸಮ್ಮತ, ಎರಡರಲ್ಲೂ ಒಳಿತು, ಜನರೂ ಸಮಾನ. ಆಗ ಧ್ವನಿ ಏರಿಸುವ ಅಗತ್ಯವಿಲ್ಲ, ಚೀಟಿ ಎತ್ತಿರಿ. ಇದೂ ಸುನ್ನತ್‌ನಲ್ಲಿದೆ. ಪ್ರವಾದಿವರ್ಯರು(ಸ) ಪ್ರಯಾಣ ಹೊರಡುವಾಗ ಜೊತೆಗೆ ಯಾವ ಪತ್ನಿ ಬರಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ಮಕ್ಕಾದಿಂದ ಬರಿಗೈಯಲ್ಲಿ ಬಂದ ಮುಹಾಜಿರ್‌ಗಳನ್ನು ಯಾರ ಮನೆಯಲ್ಲಿ ಇರಿಸಿಕೊಳ್ಳಬೇಕೆಂಬ ವಿಷಯದಲ್ಲಿ ಅನ್ಸಾರ್‌ಗಳೂ ಚೀಟಿ ಎತ್ತಿದ್ದರು. ಹಾಗೆ ಉಸ್ಮಾನ್ ಬಿನ್ ಮಝ್‌ಊನ್(ರ) ಅವರು ಉಮ್ಮುಲ್ ಅಲಾ(ರ) ಎಂಬ ಅನ್ಸಾರಿ ಮಹಿಳೆಯ ಮನೆಯವರ ಪಾಲಿಗೆ ಬಂದರು. ಅವರು ಆ ಮನೆಯಲ್ಲೇ ಕಾಯಿಲೆ ಬಿದ್ದರು, ಆ ಮನೆಯವರೇ ಅವರ ಶುಶ್ರೂಷೆ ಮಾಡಿದರು, ಅವರು ತೀರಿಕೊಂಡಾಗ ಕಫನ್ ತೊಡಿಸಿದವರೂ ಅವರೇ.